ಬಾಗಿಲೊಳಗೆ ಬಂದ ಮೇಲೆ



ಮನೆಯ ಮಗನಿಗೋ ಮಗಳಿಗೋ ಕೆಲಸ ಸಿಕ್ಕಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಅದೊಂದು ಚಿಕ್ಕ ಹಬ್ಬವೇ ಸರಿ. ಕೃತಜ್ಞತಾ ಬಲಿಪೂಜೆಗೆ ಹೆಸರು ಕೊಡುತ್ತೀರಿ. ಮೊದಲ ಸಂಬಳದಲ್ಲಿ ಒಂದು ಪಾಲನ್ನು ಮಾತೆ ಮರಿಯಮ್ಮನವರ ಪಾದದ ಬಳಿ ಇಡುತ್ತೀರಿ. ಕೆಲಸದ ಬಾಗಿಲು ತೆರೆಯಲೆಂದು ತಿಂಗಳುಗಟ್ಟಲೆ ನೊವೇನ ಮಾಡಿದ ತಾಯಂದಿರ ಮುಖದಲ್ಲಿ ಅಂದು ಕಾಣುವ ಸಂತೋಷಕ್ಕೆ ಬೆಲೆ ಕಟ್ಟಲಾಗದು.

ಆದರೆ ಬಾಗಿಲು ತೆರೆದ ಮೇಲೆ? ಅದಕ್ಕಾಗಿ ಪ್ರಾರ್ಥಿಸುವವರು ವಿರಳ. ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಮನೆಗಳಿಂದ ಬೇರೆ ಮಾತು ಕೇಳಿಬರುವುದುಂಟು. "ಅಲ್ಲಿನವರು ಸರಿಯಿಲ್ಲ ಫಾದರ್, ನಮ್ಮ ಹುಡುಗನನ್ನು ಹತ್ತಿರ ಸೇರಿಸುವುದಿಲ್ಲ." "ಮಗಳು ಸಂಜೆ ಬಂದವಳೇ ಬಾಗಿಲು ಹಾಕಿಕೊಂಡು ಮಲಗುತ್ತಾಳೆ, ನನಗೆ ಆ ಕೆಲಸ ಬರುವುದಿಲ್ಲ ಎನ್ನುತ್ತಾಳೆ." ಕಾಲೇಜಿನಲ್ಲಿ ಒಳ್ಳೆಯ ಅಂಕ ಗಳಿಸಿದ ಮಕ್ಕಳೇ ಹೀಗೆ ಕುಗ್ಗಿಹೋಗುತ್ತಾರೆ. ಕೆಲವರು ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧವಾಗಿ, ಬಂದ ವಾರದಲ್ಲೇ ಎಲ್ಲರಿಗೂ ಬುದ್ಧಿ ಹೇಳಹೊರಟು, ಇಡೀ ತಂಡದ ಮನಸ್ಸನ್ನು ಮುರಿಯುತ್ತಾರೆ. ಎರಡಕ್ಕೂ ಮೂಲ ಒಂದೇ. ಕೆಲಸವನ್ನು ಕಲಿತಿದ್ದಾರೆ, ಈ ಕೆಲಸವನ್ನು ಈ ಜನರು ಹೇಗೆ ಮಾಡುತ್ತಾರೆ ಎಂಬುದನ್ನು ಕಲಿಯಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಈ ವಾರ ಅದನ್ನೇ ಕುರಿತು ಚಿಂತಿಸೋಣ.

ಬರೆಯದ ನಿಯಮಗಳು

ಇಂದು ನಮ್ಮ ಎಷ್ಟೋ ಮಕ್ಕಳು ಸಾಫ್ಟ್‌ವೇರ್ ಕಂಪನಿಗಳಿಗೆ ಸೇರುತ್ತಾರೆ. ಆ ಕೆಲಸದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹೊಸಬನನ್ನು ಒಂದು ಪ್ರಾಜೆಕ್ಟಿಗೆ ಸೇರಿಸುತ್ತಾರೆ. ಅದು ಅವನಿಗೆ ಹೊಸದು, ಆದರೆ ಆ ಕೆಲಸ ಹಲವು ವರ್ಷಗಳಿಂದ ನಡೆದುಬಂದಿದೆ. ಸಾವಿರಾರು ಸಾಲುಗಳ ಕೋಡ್ ಇದೆ. ಅದನ್ನು ಬರೆದ ಕೆಲವರು ಬೇರೆ ಕಡೆ ಹೋಗಿದ್ದಾರೆ. ಕಾಗದದ ಮೇಲೆ ನಿಯಮಗಳಿವೆ ನಿಜ. ಆದರೆ ಯಾವ ಭಾಗದ ಬಗ್ಗೆ ಯಾರಿಗೆ ಹೆಚ್ಚು ತಿಳಿದಿದೆ, ಯಾರ ಒಪ್ಪಿಗೆಯಿಲ್ಲದೆ ಯಾವುದನ್ನು ಮುಟ್ಟಬಾರದು, ವಾರದ ಕೊನೆಯ ದಿನ ಸಂಜೆ ಬದಲಾವಣೆಗಳನ್ನು ಗಿರಾಕಿಗಳಿಗೆ ಬಿಡಲು ಏಕೆ ಹಿಂಜರಿಯುತ್ತಾರೆ, ಮೀಟಿಂಗಿನಲ್ಲಿ ಮೌನವಾಗಿದ್ದವರ ಮೌನಕ್ಕೆ ಅರ್ಥವೇನು, ಇವುಗಳಲ್ಲಿ ಬಹುಪಾಲು ಕಾಗದದ ಮೇಲೆ ಇರುವುದಿಲ್ಲ.

ಹೊಸಬನ ಕಣ್ಣಿಗೆ ಒಂದು ಸಾಲು ವಿಚಿತ್ರವಾಗಿ ಕಾಣುತ್ತದೆ. "ಇದು ಬೇಡದ್ದು" ಎಂದು ಅಳಿಸಿಬಿಡುತ್ತಾನೆ. ಒಮ್ಮೆ ಲೆಕ್ಕ ತಪ್ಪಿ ಗಿರಾಕಿಗಳಿಗೆ ತೊಂದರೆಯಾದಾಗ ಯಾರೋ ರಾತ್ರಿಯೆಲ್ಲ ಕೂತು ಹುಡುಕಿ ಸೇರಿಸಿದ ಸಾಲು ಅದಾಗಿರಬಹುದು. ಅಳಿಸಿದ ಮರುದಿನವೇ ಹಳೆಯ ತೊಂದರೆ ಮರಳಿ ಬರುತ್ತದೆ. ನಮ್ಮ ಹಿರಿಯರು ಇದನ್ನು ನಗುತ್ತಲೇ ಹೇಳಿದ್ದಾರೆ: ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಉತ್ಸಾಹ ಒಳ್ಳೆಯದೇ. ಆದರೆ ಬಟ್ಟೆ ಯಾವುದು, ಗೋಣಿ ಯಾವುದು ಎಂದು ತಿಳಿಯುವ ತನಕ ಆ ಉತ್ಸಾಹದಿಂದ ಬಟ್ಟೆಗೂ ಹಾನಿ, ಬೆನ್ನಿಗೂ ಹಾನಿ.

1922ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ಆಂಗ್ಲ ಲೇಖಕ ಜಿ. ಕೆ. ಚೆಸ್ಟರ್ಟನ್ 1929ರಲ್ಲಿ ಪ್ರಕಟವಾದ ತಮ್ಮ ಪುಸ್ತಕವೊಂದರಲ್ಲಿ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ರಸ್ತೆಗೆ ಅಡ್ಡಲಾಗಿ ಒಂದು ಬೇಲಿ ಇದೆ. ಸುಧಾರಕನೊಬ್ಬ ಬಂದು, ಇದರಿಂದ ಏನು ಉಪಯೋಗವೆಂದು ತನಗೆ ಕಾಣುವುದಿಲ್ಲ, ಕಿತ್ತುಹಾಕೋಣ ಎನ್ನುತ್ತಾನೆ. ಅವನಿಗಿಂತ ವಿವೇಕಿಯಾದ ಇನ್ನೊಬ್ಬ ತಡೆಯುತ್ತಾನೆ. ಅದನ್ನು ಏಕೆ ಹಾಕಿದರೆಂದು ಮೊದಲು ಯೋಚಿಸಿ ತಿಳಿದುಕೊಂಡು ಬಾ, ಆಮೇಲೆ ಬೇಕಿದ್ದರೆ ಕೀಳುವ ಮಾತಾಡೋಣ ಎಂಬುದು ಅವನ ಉತ್ತರದ ಸಾರ. ಬೇಲಿ ಎಂದೆಂದಿಗೂ ಇರಲೇಬೇಕೆಂದು ಚೆಸ್ಟರ್ಟನ್ ವಾದಿಸಲಿಲ್ಲ. ಕಾರಣ ತಿಳಿದವನಿಗೆ ಮಾತ್ರ ಕೀಳುವ ಹಕ್ಕಿದೆ ಎಂದರು. ಸಾಫ್ಟ್‌ವೇರ್ ತಂಡಗಳಲ್ಲಿ ಈ ಕಾರಣವನ್ನು ಹುಡುಕಲು ದಾರಿಯೂ ಉಂಟು. ಪ್ರತಿ ಬದಲಾವಣೆಯನ್ನು ಯಾರು, ಎಂದು ಮಾಡಿದರು ಎಂಬ ದಾಖಲೆ ಉಳಿದಿರುತ್ತದೆ. ಏಕೆ ಮಾಡಿದರು ಎಂಬ ಟಿಪ್ಪಣಿಯೂ ಹಲವು ಸಲ ಇರುತ್ತದೆ. ಅದನ್ನು ತಾಳ್ಮೆಯಿಂದ ಓದುವ ಹೊಸಬ ತನಗಿಂತ ಮುಂಚೆ ದುಡಿದವರ ಶ್ರಮವನ್ನು ಗೌರವಿಸುತ್ತಾನೆ.

ಹೊಸಬನಿಗಾಗಿ ಹಳಬರು ಕೊಡುವ ಬೆಲೆ

ಇನ್ನೊಂದು ಸತ್ಯವನ್ನು ನಮ್ಮ ಮಕ್ಕಳು ತಿಳಿದಿರಬೇಕು. 1960ರ ದಶಕದಲ್ಲಿ ಐಬಿಎಂ ಕಂಪನಿಯ ಬೃಹತ್ ಸಾಫ್ಟ್‌ವೇರ್ ಯೋಜನೆಯೊಂದನ್ನು ಮುನ್ನಡೆಸಿದ ಫ್ರೆಡರಿಕ್ ಬ್ರೂಕ್ಸ್ ಎಂಬುವರು, ಆ ಅನುಭವದ ಆಧಾರದ ಮೇಲೆ 1975ರಲ್ಲಿ ಒಂದು ಪುಸ್ತಕ ಬರೆದರು. ಈಗಾಗಲೇ ತಡವಾಗಿರುವ ಯೋಜನೆಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಪಾಠ. ಕೇಳಲು ವಿಚಿತ್ರ, ಅಲ್ಲವೇ? ಕಾರಣ ಸರಳವಾಗಿದೆ. ಹೊಸಬರಿಗೆ ಕಲಿಸಬೇಕಾದವರು ಹಳಬರೇ. ಕಲಿಸುವಷ್ಟು ಹೊತ್ತು ಅವರ ಸ್ವಂತ ಕೆಲಸ ನಿಲ್ಲುತ್ತದೆ. ಜೊತೆಗೆ ಪರಸ್ಪರ ಮಾತಾಡಿಕೊಳ್ಳಬೇಕಾದವರ ಸಂಖ್ಯೆಯೂ ಏರುತ್ತದೆ. ಐವರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಸಂಬಂಧಗಳು 10. ಒಬ್ಬ ಹೆಚ್ಚಾದರೆ 15. ತಂಡ ಹತ್ತು ಜನರದಾದರೆ 45.

ಹೀಗಾಗಿ ಮೊದಲ ತಿಂಗಳುಗಳಲ್ಲಿ ಹೊಸಬ ಕೊಡುವುದಕ್ಕಿಂತ ಪಡೆಯುವುದೇ ಹೆಚ್ಚು. ಇದರಿಂದ ಕೀಳರಿಮೆ ಪಡಬೇಕಾಗಿಲ್ಲ. ತಾಯಿಯ ಮಡಿಲಲ್ಲಿರುವ ಮಗು ತಾನು ಗಳಿಸುತ್ತಿಲ್ಲವೆಂದು ನಾಚುತ್ತದೆಯೇ? ಆದರೆ ಪಡೆಯುತ್ತಿದ್ದೇನೆ ಎಂಬ ಅರಿವು ಇರಬೇಕು. ತನ್ನ ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ವಿವರಿಸಿದ ಹಿರಿಯ ಸಹೋದ್ಯೋಗಿ ತನ್ನ ದಿನದ ಅರ್ಧ ಗಂಟೆಯನ್ನು ದಾನವಾಗಿ ಕೊಟ್ಟಿದ್ದಾನೆ. ಅವನು ಹೇಳಿದ್ದನ್ನು ಬರೆದಿಟ್ಟುಕೊಂಡರೆ, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳದಿದ್ದರೆ, ಒಂದು "ಥ್ಯಾಂಕ್ಸ್" ಹೇಳಿದರೆ, ಆ ದಾನಕ್ಕೆ ಗೌರವ ಸಲ್ಲುತ್ತದೆ.

ಸಂತ ಬೆನೆಡಿಕ್ಟರ ಹನ್ನೆರಡು ತಿಂಗಳು

ಸಹಬಾಳ್ವೆಗೆ ಹೊಸಬರನ್ನು ಸೇರಿಸಿಕೊಳ್ಳುವುದು ಹೇಗೆಂದು ಧರ್ಮಸಭೆ ಬಹಳ ಹಿಂದೆಯೇ ಯೋಚಿಸಿದೆ. ಆರನೆಯ ಶತಮಾನದಲ್ಲಿ ಇಟಲಿಯ ಮೋಂತೆ ಕಸ್ಸಿನೊ ಬೆಟ್ಟದ ಮೇಲೆ ಮಠ ಕಟ್ಟಿದ ಸಂತ ಬೆನೆಡಿಕ್ಟರು 73 ಅಧ್ಯಾಯಗಳ ಒಂದು ನಿಯಮಗ್ರಂಥ ಬರೆದರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಆಶೀರ್ವನಂ ಮಠದವರೂ ಈ ಪರಂಪರೆಗೇ ಸೇರಿದವರು. ಆ ನಿಯಮದ ಮೊಟ್ಟಮೊದಲ ಪದವೇ 'ಆಲಿಸು' ಎಂಬುದು.

ಅದರ 58ನೆಯ ಅಧ್ಯಾಯವನ್ನು ಗಮನಿಸಿ. ಹೊಸದಾಗಿ ಬಂದವನನ್ನು ಸುಲಭವಾಗಿ ಒಳಗೆ ಬಿಡಬಾರದು. ನಾಲ್ಕೈದು ದಿನ ಅವನು ತಾಳ್ಮೆಯಿಂದ ಬಾಗಿಲು ತಟ್ಟಲಿ. ಆಮೇಲೆ ಕೆಲವು ದಿನ ಅತಿಥಿಗೃಹದಲ್ಲಿರಲಿ. ಬಳಿಕ ನವಶಿಷ್ಯರ ಜೊತೆ ವಾಸಿಸಲಿ. ಅಲ್ಲಿ ಮನಸ್ಸುಗಳನ್ನು ಗೆಲ್ಲಬಲ್ಲ ಹಿರಿಯನೊಬ್ಬನು ಅವನನ್ನು ನೋಡಿಕೊಳ್ಳಬೇಕು. ಎರಡು ತಿಂಗಳಾದ ಮೇಲೆ ನಿಯಮವನ್ನು ಪೂರ್ತಿಯಾಗಿ ಅವನಿಗೆ ಓದಿ ಹೇಳಬೇಕು. ಆರು ತಿಂಗಳ ನಂತರ ಮತ್ತೊಮ್ಮೆ. ನಾಲ್ಕು ತಿಂಗಳ ನಂತರ ಮೂರನೆಯ ಸಲ. ಒಟ್ಟು ಹನ್ನೆರಡು ತಿಂಗಳು. ಒಮ್ಮೆ ಓದಿದ ಮಾತ್ರಕ್ಕೆ ನಿಯಮ ಅರ್ಥವಾಗುವುದಿಲ್ಲವೆಂದು ಆ ಸಂತರು ಬಲ್ಲವರಾಗಿದ್ದರು. ಎರಡನೆಯ ಸಲ ಓದುವಾಗ ಕೇಳುವವನು ಎಂಟು ತಿಂಗಳು ಆ ಜನರ ನಡುವೆ ಬದುಕಿದ್ದಾನೆ. ಆದ್ದರಿಂದ ಅದೇ ಮಾತು ಬೇರೆಯಾಗಿ ಕೇಳಿಸುತ್ತದೆ. ಮೊದಲ ವಾರ ಓದಿದ ಪ್ರಾಜೆಕ್ಟಿನ ಕಾಗದಪತ್ರಗಳನ್ನು ಎರಡು ತಿಂಗಳ ನಂತರ ಮತ್ತೆ ತೆರೆದು ನೋಡುವಂತೆ ನಿಮ್ಮ ಮಕ್ಕಳಿಗೆ ಹೇಳಿ. ಆಗ ಹೊಳೆಯುವುದು ಬಹಳ.

ಇನ್ನು ಅಡುಗೆಮನೆಯ ವಿಷಯ. ಸಹೋದರರು ವಾರಕ್ಕೊಬ್ಬರಂತೆ ಸರದಿಯಲ್ಲಿ ಅಡುಗೆ ಸೇವೆ ಮಾಡಬೇಕೆನ್ನುತ್ತದೆ 35ನೆಯ ಅಧ್ಯಾಯ. ಸರದಿ ಮುಗಿಸಿದವನು ಶನಿವಾರ ವಸ್ತ್ರಗಳನ್ನು ಒಗೆದು, ಪಾತ್ರೆಗಳನ್ನು ಶುದ್ಧವಾಗಿ, ಒಡೆಯದಂತೆ ಉಗ್ರಾಣದವನಿಗೆ ಒಪ್ಪಿಸಬೇಕು. ಉಗ್ರಾಣದವನು ಅವನ್ನು ಮುಂದಿನವನಿಗೆ ಕೊಡಬೇಕು. ಕೊಟ್ಟದ್ದೆಷ್ಟು, ಹಿಂದಿರುಗಿ ಬಂದದ್ದೆಷ್ಟು ಎಂಬುದು ಹೀಗೆ ಅವನಿಗೆ ತಿಳಿಯುತ್ತದೆ. ಹೋಗುವವನೂ ಬರುವವನೂ ಸೇರಿ ಅಂದು ಎಲ್ಲರ ಪಾದಗಳನ್ನು ತೊಳೆಯುತ್ತಾರೆ. ಕೆಲಸವನ್ನು ಕೈಯಿಂದ ಕೈಗೆ ಒಪ್ಪಿಸುವುದಕ್ಕೆ ಇದಕ್ಕಿಂತ ಸೊಗಸಾದ ಪಾಠ ಇನ್ನೆಲ್ಲಿ ಸಿಕ್ಕೀತು? ನಮ್ಮ ಮನೆಗಳಲ್ಲೂ ಇದನ್ನು ನೆನೆಯಬಹುದು. ಹೊಸ ಸೊಸೆ ಅಡುಗೆಮನೆಗೆ ಕಾಲಿಟ್ಟಾಗ ಡಬ್ಬಗಳನ್ನು ತೋರಿಸಿಕೊಡುವ ಅತ್ತೆ ಎಷ್ಟು ಮಂದಿ? "ಇಷ್ಟೂ ಗೊತ್ತಾಗುವುದಿಲ್ಲವೇ?" ಎನ್ನುವವರು ಎಷ್ಟು ಮಂದಿ?

ಬಾರ್ನಬರಂಥವರು ಬೇಕು

ಈಗ ಹಳಬರ ಕಡೆ ತಿರುಗೋಣ. ಸಂತ ಪೌಲರು ಮನಪರಿವರ್ತನೆ ಹೊಂದಿ ಜೆರುಸಲೇಮಿಗೆ ಬಂದಾಗ ಅಲ್ಲಿನ ಶಿಷ್ಯರೆಲ್ಲರೂ ಅವರಿಗೆ ಹೆದರಿದರು. ನಿನ್ನೆ ಮೊನ್ನೆಯವರೆಗೆ ಹಿಂಸಿಸುತ್ತಿದ್ದವನನ್ನು ಹೇಗೆ ನಂಬುವುದು? ಆಗ ಬಾರ್ನಬರು ಅವರ ಕೈಹಿಡಿದು ಪ್ರೇಷಿತರ ಬಳಿಗೆ ಕರೆದೊಯ್ದು, ನಡೆದದ್ದನ್ನೆಲ್ಲ ವಿವರಿಸಿದರು. ಮುಂದೊಂದು ದಿನ ಅದೇ ಬಾರ್ನಬರು ತಾರ್ಸಕ್ಕೆ ಹೋಗಿ ಪೌಲರನ್ನು ಹುಡುಕಿ ಅಂತಿಯೋಕ್ಯಕ್ಕೆ ಕರೆತಂದರು. ಅಲ್ಲಿ ಇಬ್ಬರೂ ಒಂದು ವರ್ಷ ಪೂರ್ತಿ ಜೊತೆಯಾಗಿ ದುಡಿದರು. ಲೋಕವನ್ನೇ ಸುತ್ತಿದ ಪೌಲರ ಪ್ರೇಷಿತ ಪ್ರಯಾಣಗಳು ಶುರುವಾದದ್ದು ಆ ಮೇಲೆ.

ಪೌಲರ ಕಡೆಯನ್ನೂ ನೋಡಿ. ಪುನರುತ್ಥಾನಿ ಪ್ರಭುವಿನ ದರ್ಶನ ಪಡೆದವರು ಅವರು. ಧರ್ಮಶಾಸ್ತ್ರವನ್ನು ಆಳವಾಗಿ ಬಲ್ಲವರು. ಆದರೂ ಪೇತ್ರರನ್ನು ಕಾಣಲೆಂದು ಜೆರುಸಲೇಮಿಗೆ ಹೋಗಿ ಅವರೊಡನೆ ಹದಿನೈದು ದಿನ ತಂಗಿದ್ದನ್ನು ಗಲಾತ್ಯರಿಗೆ ಬರೆದ ಪತ್ರದಲ್ಲಿ ತಾವೇ ತಿಳಿಸಿದ್ದಾರೆ. ಗಲಿಲೇಯದ ಬೆಸ್ತರೊಬ್ಬರ ಮನೆಯಲ್ಲಿ ಅಷ್ಟು ದಿನ ಅತಿಥಿಯಾಗಿದ್ದ ಪಂಡಿತನ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಿ. ದೈವದರ್ಶನ ಪಡೆದವರಿಗೇ ಮತ್ತೊಬ್ಬರ ಬಳಿ ಕುಳಿತುಕೊಳ್ಳುವ ಅಗತ್ಯ ಕಂಡಿದ್ದರೆ, ಡಿಗ್ರಿ ಪಡೆದವರಿಗೆ ಬೇಡವೇ?

ಹದಿಮೂರನೆಯ ಶತಮಾನದ ಮಹಾ ದಾರ್ಶನಿಕ ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿಶ್ಲೇಷಿಸುವಾಗ ಅದರ ಒಂದು ಅಂಗವಾಗಿ 'ಕಲಿಯುವ ಮನಸ್ಸನ್ನು' ಎಣಿಸಿದ್ದಾರೆ. ವಿವೇಕಕ್ಕೆ ಸಂಬಂಧಿಸಿದ ವಿಷಯಗಳು ಲೆಕ್ಕವಿಲ್ಲದಷ್ಟು ಬಗೆಬಗೆಯವು. ಒಬ್ಬನೇ ಮನುಷ್ಯ, ಅಲ್ಪಕಾಲದಲ್ಲಿ, ಎಲ್ಲವನ್ನೂ ಪರಿಶೀಲಿಸಲಾರ. ಆದ್ದರಿಂದ ಅನುಭವಿಗಳಾದ ಹಿರಿಯರಿಂದ ಕಲಿಯಲೇಬೇಕು ಎಂಬುದು ಅವರ ವಾದ. ಅಷ್ಟಕ್ಕೇ ಅವರು ನಿಲ್ಲಿಸುವುದಿಲ್ಲ. ಹಿರಿಯರೂ ಕೆಲವು ವಿಷಯಗಳಲ್ಲಿ ಕಲಿಯುವವರಾಗಿರಬೇಕು, ಏಕೆಂದರೆ ಯಾರೂ ತನಗೆ ತಾನೇ ಸಾಕಾದವನಲ್ಲ ಎನ್ನುತ್ತಾರೆ. ಕಲಿಯುವ ಮನಸ್ಸಿಲ್ಲದವನಿಗೆ ಜಾಣತನ ಇರಬಹುದು, ವಿವೇಕವಿರದು.

ಹೊಸ ಕಣ್ಣಿನ ಕೊಡುಗೆ

ಹಾಗಾದರೆ ಹೊಸಬರು ಬಾಯಿ ಮುಚ್ಚಿಕೊಂಡೇ ಇರಬೇಕೇ? ಖಂಡಿತ ಇಲ್ಲ. ಬೇರೆ ಮಠದಿಂದ ಬಂದ ಸನ್ಯಾಸಿಯೊಬ್ಬ ಅತಿಥಿಯಾಗಿ ಉಳಿದು, ವಿನಯದಿಂದಲೂ ಪ್ರೀತಿಯಿಂದಲೂ ಏನಾದರೂ ಕೊರತೆಯನ್ನು ತೋರಿಸಿದರೆ, ಮಠಾಧಿಪತಿ ಅದನ್ನು ಜಾಣ್ಮೆಯಿಂದ ಪರಿಗಣಿಸಲಿ, ದೇವರು ಅವನನ್ನು ಇದಕ್ಕಾಗಿಯೇ ಕಳುಹಿಸಿರಬಹುದು ಎಂದು ಸಂತ ಬೆನೆಡಿಕ್ಟರು 61ನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಹಳಬರಿಗೆ ಅಭ್ಯಾಸದಿಂದ ಕಾಣದಂತಾದದ್ದು ಹೊಸಬನ ಕಣ್ಣಿಗೆ ಕಾಣುತ್ತದೆ. ಮೋಶೆಯ ಮಾವ ಇತ್ರೋ ಅಳಿಯನನ್ನು ನೋಡಲು ಅರಣ್ಯಕ್ಕೆ ಬಂದ ಪ್ರಸಂಗ ನಿಮಗೆ ನೆನಪಿರಬಹುದು. ಬೆಳಗಿನಿಂದ ಸಂಜೆಯವರೆಗೆ ಮೋಶೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುವುದನ್ನು ಇತ್ರೋ ಕಂಡರು. ಮೊದಲು ನೋಡಿದರು. ಬಳಿಕ ಏಕೆ ಹೀಗೆಂದು ಕೇಳಿದರು. ಮೋಶೆಯ ಉತ್ತರಕ್ಕೆ ಕಿವಿಗೊಟ್ಟರು. ಆಮೇಲಷ್ಟೇ, ಸಮರ್ಥರನ್ನು ಆರಿಸಿ ಹೊರೆಯನ್ನು ಹಂಚಿಕೊಡು ಎಂದು ಸಲಹೆ ಕೊಟ್ಟರು. ಆ ಸಲಹೆ ಫಲಿಸಿತು. ನೋಡು, ಕೇಳು, ಆಲಿಸು, ಬಳಿಕ ಹೇಳು: ಈ ಕ್ರಮವನ್ನು ಮರೆಯದಿರೋಣ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತಂಡದ ರೀತಿಯನ್ನು ಕಲಿಯುವುದು ಬೇರೆ, ತಂಡದ ಪಾಪಕ್ಕೆ ಕೈಜೋಡಿಸುವುದು ಬೇರೆ. ಸುಳ್ಳು ಲೆಕ್ಕ ಬರೆಯುವುದು, ಲಂಚ ಮುಟ್ಟಿಸುವುದು, ದುರ್ಬಲರನ್ನು ಗೇಲಿ ಮಾಡಿ ಅಳಿಸುವುದು, ಇವನ್ನೆಲ್ಲ "ಇಲ್ಲಿ ನಡೆಯುವುದೇ ಹೀಗೆ" ಎಂದು ಸಮರ್ಥಿಸುವವರು ಇದ್ದಾರೆ. ಹೊಸಬನ ಮೇಲೆ ಒತ್ತಡ ಬೀಳುವುದು ಇಲ್ಲಿಯೇ. ಬಾಬಿಲೋನಿಗೆ ಸೆರೆಯಾಗಿ ಹೋದ ದಾನಿಯೇಲನನ್ನು ನೋಡಿ. ಅವನಿಗೂ ಅವನ ಗೆಳೆಯರಿಗೂ ಮೂರು ವರ್ಷಗಳ ತರಬೇತಿ ನಿಗದಿಯಾಗಿತ್ತು. ಆ ನಾಡಿನ ಭಾಷೆಯನ್ನೂ ಗ್ರಂಥಗಳನ್ನೂ ಅವರು ಶ್ರದ್ಧೆಯಿಂದ ಕಲಿತರು, ಎಲ್ಲರನ್ನೂ ಮೀರಿಸಿದರು. ಆದರೆ ರಾಜನ ಭೋಜನದಿಂದ ತನ್ನನ್ನು ಮಲಿನಪಡಿಸಿಕೊಳ್ಳಲು ದಾನಿಯೇಲ ಒಪ್ಪಲಿಲ್ಲ. ಒಪ್ಪದಿದ್ದರೂ ಕೂಗಾಡಲಿಲ್ಲ. ಮೇಲ್ವಿಚಾರಕನ ಬಳಿ ವಿನಯದಿಂದ ಹತ್ತು ದಿನಗಳ ಪರೀಕ್ಷೆಯನ್ನು ಬೇಡಿಕೊಂಡ. ಬರಿಯ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನಿಸಿ ಎಂದ. ಕಲಿಯುವುದರಲ್ಲಿ ಮುಕ್ತ, ಮನಸ್ಸಾಕ್ಷಿಯಲ್ಲಿ ದೃಢ, ಮಾತಿನಲ್ಲಿ ಮೃದು. ನಮ್ಮ ಮಕ್ಕಳು ಹೀಗೆ ಬೆಳೆಯಲಿ.

ಮನೆಯಲ್ಲಿ ಮಾಡಬಹುದಾದದ್ದು

ಹೊಸ ಕೆಲಸಕ್ಕೆ ಸೇರಿದ ಯುವಜನರೇ, ಮೊದಲ ವಾರಗಳಲ್ಲಿ ಜೊತೆಯವರ ಹೆಸರುಗಳನ್ನು ಕಲಿಯಿರಿ. ಕಾಫಿ ತಂದುಕೊಡುವವರ ಹೆಸರನ್ನೂ, ಕಾವಲುಗಾರರ ಹೆಸರನ್ನೂ ಕಲಿಯಿರಿ. ವಿಚಿತ್ರವೆನಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ತಿಂಗಳಾದ ಮೇಲೆ ತೆಗೆದು ನೋಡಿದರೆ ಅರ್ಧದಷ್ಟಕ್ಕೆ ಕಾರಣ ನಿಮಗೇ ತಿಳಿದಿರುತ್ತದೆ. ಉಳಿದದ್ದನ್ನು ವಿನಯದಿಂದ ಕೇಳಿ. ಸಣ್ಣ ಕೆಲಸ ಕೊಟ್ಟರೆ ಅವಮಾನವೆಂದು ತಿಳಿಯಬೇಡಿ. ಒಂದು ಸಣ್ಣ ತಪ್ಪನ್ನು ಸರಿಪಡಿಸಲು ಹೋದವನು ಇಡೀ ದಾರಿಯನ್ನು ನಡೆದು ನೋಡಿರುತ್ತಾನೆ. ಏನಾದರೂ ಕೆಟ್ಟರೆ ಮುಚ್ಚಿಡದೆ ಕೂಡಲೇ ತಿಳಿಸಿ. ಪಾತ್ರೆ ಒಡೆದವನು ಬೇರೆಯವರು ಕಂಡುಹಿಡಿಯುವ ಮುನ್ನ ತಾನೇ ಬಂದು ಹೇಳಲಿ ಎಂಬುದು ಸಂತ ಬೆನೆಡಿಕ್ಟರ ನಿಯಮವೂ ಹೌದು. ಹತ್ತಿರದವರಾಗಲು ಅವಸರ ಬೇಡ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಇಂದು ದೂರ ಕೂತವರು ನಾಳೆ ತಾವಾಗಿ ಮಾತಾಡಿಸುತ್ತಾರೆ.

ತಂದೆತಾಯಂದಿರೇ, ಮಗಳು ಸಂಜೆ ಮನೆಗೆ ಬಂದಾಗ "ಮೇಲಿನವರು ಹೊಗಳಿದರಾ?" ಎಂದು ಕೇಳಬೇಡಿ. "ಇವತ್ತು ಯಾರಿಂದ ಏನು ಕಲಿತೆಯಮ್ಮಾ?" ಎಂದು ಕೇಳಿ. ಆ ಒಂದು ಪ್ರಶ್ನೆ, ಗೊತ್ತಿಲ್ಲ ಎನ್ನುವುದು ನಾಚಿಕೆಯಲ್ಲ ಎಂದು ಅವಳಿಗೆ ಕಲಿಸುತ್ತದೆ. ಅವಳು ಅತ್ತರೆ, ಆಫೀಸಿನವರನ್ನು ಬೈಯುವ ಮುನ್ನ ಪೂರ್ತಿ ಕೇಳಿಸಿಕೊಳ್ಳಿ. ನಿಜವಾಗಿ ಅನ್ಯಾಯ ನಡೆದಿದ್ದರೆ ಅವಳ ಬೆನ್ನಿಗೆ ನಿಲ್ಲಿ. ಬರಿಯ ಹೊಸತನದ ಕಷ್ಟವಾದರೆ ಸಮಯ ಕೊಡಿ.

ವರ್ಷಗಳಿಂದ ಒಂದೇ ಕಡೆ ದುಡಿಯುತ್ತಿರುವವರೇ, ನಾಳೆ ನಿಮ್ಮ ಪಕ್ಕದ ಮೇಜಿಗೆ ಹೊಸಬರೊಬ್ಬರು ಬಂದಾರು. ಊಟಕ್ಕೆ ಹೋಗುವಾಗ ಅವರನ್ನೂ ಕರೆಯಿರಿ. "ಏನು ಬೇಕಾದರೂ ಕೇಳಿ" ಎಂದು ನೀವೇ ಮೊದಲು ಹೇಳಿ. ಬಾರ್ನಬರು ಮುಂದೆ ಬಾರದಿದ್ದರೆ ಪೌಲರು ಬಾಗಿಲಲ್ಲೇ ನಿಲ್ಲಬೇಕಾಗಿತ್ತೇನೋ.

ಹನ್ನೆರಡು ವರ್ಷದ ಬಾಲಕ ಯೇಸುಸ್ವಾಮಿಯನ್ನು ಮರಿಯಮ್ಮನವರೂ ಸಂತ ಜೋಸೆಫರೂ ಮೂರು ದಿನಗಳ ಮೇಲೆ ದೇವಾಲಯದಲ್ಲಿ ಕಂಡಾಗ, ಅವರು ಬೋಧಕರ ನಡುವೆ ಕುಳಿತು ಆಲಿಸುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಸಕಲ ಜ್ಞಾನದ ಒಡೆಯರೇ ಹಾಗೆ ಕುಳಿತರು. ಆ ಮೇಲೆ ನಜರೇತಿಗೆ ಮರಳಿ, ತಂದೆತಾಯಿಗೆ ವಿಧೇಯರಾಗಿ, ಬಡಗಿಯ ಕಸುಬಿನಲ್ಲಿ ಬೆಳೆದರು. ಲೋಕೋದ್ಧಾರದ ಮಹಾಕಾರ್ಯಕ್ಕೆ ಬಂದವರು ಮೊದಲ ಮೂವತ್ತು ವರ್ಷ ನಮ್ಮ ಬದುಕಿನ ರೀತಿಯನ್ನು ನಮ್ಮ ನಡುವೆಯೇ ಇದ್ದು ಕಲಿತರು. ಮನುಷ್ಯಾವತಾರದ ರಹಸ್ಯದಲ್ಲಿ ಇದೂ ಸೇರಿದೆ: ಪ್ರೀತಿಸುವವರು ಮೊದಲು ಕಲಿಯುತ್ತಾರೆ.

ಪ್ರಭುವೇ, ಹೊಸ ಬಾಗಿಲೊಳಗೆ ಕಾಲಿಟ್ಟಿರುವ ನಮ್ಮ ಮಕ್ಕಳಿಗೆ ಆಲಿಸುವ ಕಿವಿಯನ್ನೂ, ಕೇಳುವ ಧೈರ್ಯವನ್ನೂ, ಕೆಟ್ಟದ್ದಕ್ಕೆ ಒಲ್ಲೆನೆನ್ನುವ ಮನೋಬಲವನ್ನೂ ಕೊಡಿ. ಆ ಬಾಗಿಲ ಒಳಗಿರುವ ನಮಗೆ, ಎದ್ದು ಹೋಗಿ ಅವರ ಕೈಹಿಡಿಯುವ ಹೃದಯವನ್ನು ಕೊಡಿ. ಆಮೆನ್.